ಎಣ್ಣೆ ಇಲ್ಲದ ಎಂಜಿನ್ ಎಷ್ಟು ದೂರ ಹೋಗುತ್ತದೆ

ನನ್ನ ದೊಡ್ಡಪ್ಪನ ಎಡಗಾಲು ಮುರಿದದ್ದು ನನ್ನಿಂದ. ಆಗ ನನಗೆ ಹನ್ನೊಂದು ವರ್ಷ. ಈಗ ಅರವತ್ತರ ಸಮೀಪ ಬಂದಿದ್ದೇನೆ, ಮೊಮ್ಮಕ್ಕಳು ಆಯಿ ಎಂದು ಕರೆಯುತ್ತಾರೆ. ಈ ವಯಸ್ಸಿನವರು ಇಂಥ ಸಂಗತಿ ಬರೆಯುವಾಗ ಕೊನೆಗೆ ಒಂದಿಷ್ಟು ಕಣ್ಣೀರು ಬೆರೆಸುತ್ತಾರೆ, ಗೊತ್ತು. ನಾನು ಬೆರೆಸುವವಳಲ್ಲ. ಮದುವೆ ಮನೆಗಳಲ್ಲಿ ಪಂಕ್ತಿಯ ಆಚೆ ತುದಿಯಿಂದ ಅವನ ಬಡಿಗೆಯ ಸದ್ದು ಟಕ್ ಟಕ್ ಎಂದು ಕೇಳಿಬಂದರೆ ನನಗೆ ಊಟ ಇನ್ನೊಂದು ತುತ್ತು ಹೆಚ್ಚಿಗೇ ಸೇರುತ್ತಿತ್ತು. ಹಾಗೇಕೆ ಎಂದು ತಿಳಿಯಬೇಕಾದರೆ ಬೈಲಹೊಂಗಲದ ನಮ್ಮ ಹಳೆಯ ಮನೆಯೊಳಗೆ ಬರಬೇಕು, ಅಪ್ಪನ ಕೈಕೆಲಸ ನೋಡಬೇಕು.

ಪೇಟೆಯಿಂದ ಒಳಕ್ಕೆ ತಿರುಗಿದ ಓಣಿಯಲ್ಲಿತ್ತು ಆ ಮನೆ. ದೊಡ್ಡ ಬಾಗಿಲು ದಾಟಿದ ಕೂಡಲೇ ಮೊದಲು ದನ ಕಟ್ಟುತ್ತಿದ್ದ ಉದ್ದನೆಯ ಜಾಗ. ದನ ಹೋಗಿ ಅಲ್ಲಿಗೆ ಎಂಜಿನ್ನುಗಳು ಬಂದಿದ್ದವು. ಗೋದಲಿಯಲ್ಲಿ ಹುಲ್ಲಿನ ಬದಲು ನಟ್ಟು ತಿರುಗಿಸುವ ಪಾನಾಗಳು, ಸುತ್ತಿಗೆ, ಅರ, ಡಬ್ಬಿ ಡಬ್ಬಿ ನಟ್ಟು ಬೋಲ್ಟು. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಮೂಲೆಯಲ್ಲಿ ದೇವರ ಜಗಲಿ, ಬಚ್ಚಲು, ಆಮೇಲೆ ಹಿತ್ತಲು. ಆ ಒಂದು ಮೆಟ್ಟಿಲೇ ನಮ್ಮ ಮನೆಯ ಗಡಿ. ಅಪ್ಪನ ತಾಯಿ, ನಮ್ಮ ಆಯಿ, ಕರಿ ಎಣ್ಣೆಯ ಕಾಲಿನಲ್ಲಿ ಯಾರೂ ಅದನ್ನು ದಾಟಗೊಡುತ್ತಿರಲಿಲ್ಲ. ಅಪ್ಪ ದಿನಾ ಮಧ್ಯಾಹ್ನ ಒಲೆಯ ಬೂದಿಯಿಂದ ಕೈಕಾಲು ತಿಕ್ಕಿ ತಿಕ್ಕಿ ತೊಳೆದು, ಅಂಗಾಲು ಎತ್ತಿ ಆಯಿಗೆ ತೋರಿಸಿ, ಆಮೇಲೆ ಮೆಟ್ಟಿಲು ಹತ್ತುತ್ತಿದ್ದ. ಮೂವತ್ತೈದರ ಗಂಡಸು ತಾಯಿಯ ಮುಂದೆ ಹಾಗೆ ಕಾಲೆತ್ತಿ ನಿಲ್ಲುವುದನ್ನು ನೋಡಿ ನಾನೂ ಶಾಂತಕ್ಕನೂ ಬಾಯಿಗೆ ಕೈ ಹಿಡಿದು ನಗುತ್ತಿದ್ದೆವು. ಶಾಂತಕ್ಕ ದೊಡ್ಡಪ್ಪನ ಮಗಳು, ನನಗಿಂತ ಏಳು ವರ್ಷ ದೊಡ್ಡವಳು. ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವಳು ಅವಳೇ.

ಒಂದೇ ಮನೆ, ಒಂದೇ ಒಲೆ, ಇಬ್ಬರು ಅಣ್ಣತಮ್ಮಂದಿರು. ಅಪ್ಪ ಎಂಜಿನ್ ಬಿಚ್ಚುವವನು, ದೊಡ್ಡಪ್ಪ ಗಿರಾಕಿಗಳ ಜೊತೆ ಮಾತಾಡುವವನು. ಮಾತಿನಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ. ಕಿತ್ತೂರು, ಸವದತ್ತಿ, ರಾಮದುರ್ಗದ ದೊಡ್ಡ ಮನೆತನಗಳ ವಾಡೆಗಳಲ್ಲಿ ಬ್ರಿಟಿಷರ ಕಾಲದ ಕಾರುಗಳು ಆಗ ಇನ್ನೂ ಉಳಿದಿದ್ದವು. ಅವು ಕೆಟ್ಟು ನಿಂತರೆ ಬೆಳಗಾವಿಯ ಮಿಸ್ತ್ರಿಗಳು ಕೈ ಚೆಲ್ಲುತ್ತಿದ್ದರು. ಆ ಎಂಜಿನ್ನುಗಳ ಬೇರಿಂಗು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ತವರದಂಥ ಬಿಳಿ ಧಾತು ಕರಗಿಸಿ, ಎರಕ ಹೊಯ್ದು, ಕೈಯಿಂದಲೇ ಕೆರೆದು ಕೂಡಿಸಬೇಕಿತ್ತು. ಈ ಸೀಮೆಯಲ್ಲಿ ಅದನ್ನು ಬಲ್ಲವನು ಅಪ್ಪನೊಬ್ಬನೇ.

ಎರಕದ ದಿನ ಅಡಿಗೆಮನೆಯ ಒಂದು ಒಲೆಯೇ ಅಪ್ಪನಿಗೆ ಹೋಗುತ್ತಿತ್ತು. ಒಂದು ಒಲೆಯ ಮೇಲೆ ಅವ್ವ ರೊಟ್ಟಿ ಬಡಿಯುವಳು, ಇನ್ನೊಂದರ ಮೇಲೆ ಕಬ್ಬಿಣದ ಸೌಟಿನಲ್ಲಿ ಬಿಳಿ ಧಾತು ಹಾಲಿನ ಕೆನೆಯಂತೆ ಮಿರಮಿರ ಅನ್ನುವುದು. ಅಪ್ಪ ಕಾಗದದ ಚೂರೊಂದನ್ನು ಅದರೊಳಗೆ ಅದ್ದಿ ನೋಡುತ್ತಿದ್ದ. ಕಾಗದ ಕಂದು ಬಣ್ಣಕ್ಕೆ ತಿರುಗಿದರೆ ಹದ, ಕಪ್ಪಾದರೆ ಮೀರಿತು. ಎರಕ ಆರಿದ ಮೇಲೆ ನಿಜವಾದ ಕೆಲಸ. ಅವ್ವ ಔಡಲ ಎಣ್ಣೆಯ ದೀಪದ ಮೇಲೆ ಹಿತ್ತಾಳೆ ತಾಟು ಬೋರಲಿಟ್ಟು ಕಾಡಿಗೆ ಹಿಡಿಯುತ್ತಿದ್ದಳು. ಅರ್ಧ ನನ್ನ, ಶಾಂತಕ್ಕನ ಕಣ್ಣಿಗೆ, ಅರ್ಧ ಅಪ್ಪನ ಎಂಜಿನ್ನಿಗೆ. ಆ ಕಾಡಿಗೆಯನ್ನು ಅಪ್ಪ ತಿರುಗುವ ಶಾಫ್ಟಿನ ಮೇಲೆ ತೆಳ್ಳಗೆ ಸವರಿ, ಬೇರಿಂಗಿನಲ್ಲಿ ಕೂಡಿಸಿ, ಒಂದು ಸುತ್ತು ತಿರುಗಿಸಿ ಬಿಚ್ಚುವನು. ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಧಾತು ಉಬ್ಬಿದೆ ಎಂದು ಅರ್ಥ. ಅಲ್ಲಷ್ಟೇ ಕೆರೆಯುವನು. ಮತ್ತೆ ಕಾಡಿಗೆ, ಮತ್ತೆ ಕೆರೆತ. ಮೂರು ದಿನ, ನಾಲ್ಕು ದಿನ. ಕೊನೆಗೆ ಬೇರಿಂಗಿನ ಮೈಯೆಲ್ಲ ಒಂದೇ ಸಮ ಕಪ್ಪಾದಾಗ ಅದನ್ನು ಒರೆಸಿ, ಬೆರಳಿನಿಂದ ಹೊಸ ಎಣ್ಣೆ ಹಚ್ಚುತ್ತಿದ್ದ. ನಾನು ಪಾಟಿ ಹಿಡಿದುಕೊಂಡು ಗೋದಲಿಯ ಕಲ್ಲಿನ ಮೇಲೆ ಕೂತು ಮಗ್ಗಿ ಬರೆಯುತ್ತ ಪ್ರಶ್ನೆಗಳನ್ನು ಕೇಳುತ್ತಿದ್ದೆ. ಯಾವ ಪ್ರಶ್ನೆಗೂ ಅವನು "ನಿನಗ್ಯಾಕ" ಅನ್ನಲಿಲ್ಲ.

"ಅಪ್ಪಾ, ಇಷ್ಟ ನುಣ್ಣಗ ಕೆರದ್ರೂ ಎಣ್ಣಿ ಯಾಕ ಬೇಕು?"

"ಶಾಫ್ಟ್ ಧಾತಿನ ಮ್ಯಾಲ ತಿರಗೂದಿಲ್ಲ, ಗೌರಿ. ಎಣ್ಣಿ ಮ್ಯಾಲ ತೇಲತೈತಿ. ಎರಡರ ನಡುವ ಕೂದಲೆಳಿಗಿಂತ ಸಣ್ಣ ಸಂದ ಇರತೈತಿ, ಪಂಪು ಅದರಾಗ ಎಣ್ಣಿ ದೂಡತೈತಿ. ತಿರಗೂ ಶಾಫ್ಟ್ ತನ್ನ ಸುತ್ತ ತಾನ ಎಣ್ಣಿ ಎಳಕೊಂಡು ಎದ್ದ ನಿಲ್ಲತೈತಿ. ಒಂದಕ್ಕೊಂದು ಮುಟ್ಟಂಗಿಲ್ಲ. ಮುಟ್ಟಿದ್ರ ಕಾವು, ಕಾವಿಗೆ ಧಾತು ಕರಗತೈತಿ."

"ಎಣ್ಣಿ ಇಲ್ಲಂದ್ರ ಎಷ್ಟ ದೂರ ಹೋಗತೈತಿ?"

"ಹಚ್ಚಿದ್ದ ಎಣ್ಣಿ ಆರೂತನಾ. ಎರಡ ಮೈಲು, ಮೂರ ಮೈಲು. ಮೊದಲ ಟಕಟಕ ಅಂತೈತಿ. ಆವಾಗರ ನಿಲ್ಲಿಸಿದ್ರ ಉಳೀತೈತಿ. ಕಿವಿ ಇಲ್ಲದಾಂವ ಓಡಿಸಿದ್ರ ಮುಗೀತು."

ಎಣ್ಣೆಗೆ ಬರಿ ಜಾರಿಸುವುದಷ್ಟೇ ಕೆಲಸವಲ್ಲ, ಅದು ಕಾವು ಒಯ್ಯುತ್ತದೆ, ಸವೆದ ಪುಡಿಯನ್ನು ತೊಳೆಯುತ್ತದೆ, ವರ್ಷಗಟ್ಟಲೆ ನಿಂತ ಕಾರಿನೊಳಗೆ ತುಕ್ಕು ಹತ್ತದ ಹಾಗೆ ಕಾಯುತ್ತದೆ ಎಂದೂ ಹೇಳಿಕೊಟ್ಟಿದ್ದ. ಹೊಸ ಬೇರಿಂಗಿನ ಎಂಜಿನ್ನನ್ನು ಅವನು ಒಮ್ಮೆಗೇ ಚಾಲೂ ಮಾಡುತ್ತಿರಲಿಲ್ಲ. ಎಣ್ಣೆ ತುಂಬಿಸಿ, ಕಿಡಿ ಕೊಡುವ ತಂತಿ ತೆಗೆದಿಟ್ಟು, ಮುಂದಿನಿಂದ ಹ್ಯಾಂಡಲು ಹಾಕಿ ಕೈಯಿಂದ ತಿರುಗಿಸುವನು. ಒಳಗೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಅಲುಗುವ ತನಕ ತಿರುಗಿಸುವನು. ಆ ಮುಳ್ಳು ನೋಡುವ ಕೆಲಸ ನನ್ನದು. "ಎದ್ದಿತು" ಎಂದು ನಾನು ಹೇಳಿದ ಮೇಲೆಯೇ ಬೆವರು ಒರೆಸಿಕೊಳ್ಳುತ್ತಿದ್ದ.

ರಾಮದುರ್ಗದ ಕಡೆಯ ಸಾವುಕಾರರೊಬ್ಬರ ಕಾರು ಬಂದದ್ದು ಶಾಂತಕ್ಕನಿಗೆ ನೇಸರಗಿಯಿಂದ ವರ ಗೊತ್ತಾಗುತ್ತಿದ್ದ ಹೊತ್ತಿನಲ್ಲಿ. ಹಸಿರು ಬಣ್ಣದ, ದೊಡ್ಡ ಕಣ್ಣಿನಂಥ ದೀಪಗಳ ಕಾರು. ಸಾವುಕಾರರ ತಂದೆ ಅದರಲ್ಲಿ ಕೂತು ಬರುವಾಗ ಜನ ದಾರಿ ಬಿಟ್ಟು ನಿಲ್ಲುತ್ತಿದ್ದರಂತೆ. ಅಪ್ಪ ಒಂದೂವರೆ ತಿಂಗಳು ಅದರ ಬೇರಿಂಗುಗಳನ್ನು ಹೊಯ್ದು ಕೂಡಿಸಿದ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ ನಮ್ಮಲ್ಲಿ ಚೇಂಬರು ಅನ್ನುತ್ತಾರೆ. ಆ ಚೇಂಬರಿನ ಅಂಚಿಗೆ ಎಣ್ಣೆ ಸೋರದ ಹಾಗೆ ಹಾಕುವ ಕಾರ್ಕಿನ ಪಟ್ಟಿ ಕೂಡಿಸುವಾಗ ಹರಿಯಿತು. ಹೊಸದು ಬೆಳಗಾವಿಯಿಂದಲೇ ತರಬೇಕು. ಚೇಂಬರನ್ನು ಹಾಗೇ ಖಾಲಿ ಬಿಗಿದಿಟ್ಟು ಅಪ್ಪ ಮರುದಿನ ಹೊರಟ. ಹೊರಡುವ ಮುಂಚೆ ಊಟಕ್ಕೆ ಕೂತಾಗ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ಆ ದಿನ ಪುಂಡಿ ಪಲ್ಯ ಇತ್ತು, ಶೇಂಗಾ ಚಟ್ನಿ ಇತ್ತು. ಅವ್ವ ಬಡಿಸುತ್ತಿದ್ದಳು, ಆಯಿ ಗ್ವಾಡೆಗೆ ಆತು ಕೂತಿದ್ದಳು, ನಾನು ಅಪ್ಪನ ಪಕ್ಕದಲ್ಲಿದ್ದೆ.

"ಅಣ್ಣಾ, ಕಾರಿನಾಗ ಎಣ್ಣಿ ಇಲ್ಲ. ನಾ ಬರೂತನಾ ಮುಟ್ಟಬ್ಯಾಡ."

"ನಾ ಯಾಕ ಮುಟ್ಟಲಿ," ಅಂದ ದೊಡ್ಡಪ್ಪ. ಅಂದು ಮಜ್ಜಿಗೆ ಕುಡಿದ.

ಅಪ್ಪನ ಬಸ್ಸು ಹೋಗಿ ಎರಡು ತಾಸೂ ಆಗಿರಲಿಲ್ಲ. ದೊಡ್ಡಪ್ಪ ಹೊಸ ಧೋತರ ಉಟ್ಟು ಬಂದ. ಬೀಗರ ಮನೆಯಲ್ಲಿ ಅಂದು ಹಿರಿಯರು ಕೂಡುವವರಿದ್ದರು. ಬಸ್ಸಿನಲ್ಲಿ ಹೋಗಿ ಇಳಿಯುವುದಕ್ಕೂ ಆ ಕಾರಿನಲ್ಲಿ ಹೋಗಿ ಇಳಿಯುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಅವನು ಅಳೆದಿದ್ದ. ನಾನು ಕಾರಿನ ಮುಂದೆ ಹೋಗಿ ನಿಂತೆ. "ದೊಡ್ಡಪ್ಪಾ, ಎಣ್ಣಿ ಇಲ್ರಿ" ಅಂದೆ. ನನ್ನ ಭುಜ ಹಿಡಿದು, ನೋಯದ ಹಾಗೆ, ಒಂದು ಕುರ್ಚಿಯನ್ನು ಸರಿಸಿದಂತೆ ಬದಿಗೆ ಸರಿಸಿದ. "ಸಣ್ಣವ್ರು ದೊಡ್ಡವ್ರ ಕೆಲಸದಾಗ ಬಾಯಿ ಹಾಕಬಾರದು" ಅಂದ. ನೇಸರಗಿ ರಸ್ತೆಯಲ್ಲಿ ಮೂರು ಮೈಲಿಗೆ ಕಾರು ನಿಂತಿತು. ಎತ್ತು ಕಟ್ಟಿ ಎಳೆದು ತಂದರು.

ಸಂಜೆ ಅಪ್ಪ ಕಾರ್ಕಿನ ಸುರುಳಿ ಕಂಕುಳಲ್ಲಿ ಹಿಡಿದುಕೊಂಡು ಒಳಗೆ ಬಂದವನು ಕಾರನ್ನು ನೋಡಿ, ಏನೂ ಕೇಳದೆ, ಹ್ಯಾಂಡಲು ಹಾಕಿದ. ಅಲುಗಲಿಲ್ಲ. ಎರಡು ದಿನದ ಮೇಲೆ ಸಾವುಕಾರರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ಅಷ್ಟರಲ್ಲಿ ದೊಡ್ಡಪ್ಪ ರಾಮದುರ್ಗಕ್ಕೆ ಹೋಗಿ ತನ್ನ ಮಾತನ್ನು ಮುಟ್ಟಿಸಿ ಬಂದಿದ್ದ. ಕಾರು ತಯಾರಾಗಿದೆ, ಓಡಿಸಿ ನೋಡು ಎಂದು ತಮ್ಮನೇ ಹೇಳಿದ, ನಾನು ಒಯ್ದೆ. ಹಲ್ಕಾ ಧಾತು ಹೊಯ್ದಿದ್ದಾನೆ, ಒಳ್ಳೆಯದನ್ನು ಬೇರೆಲ್ಲೋ ದಾಟಿಸಿದ್ದಾನೆ. ಇದು ಅವನು ಕಟ್ಟಿದ ಕಥೆ. ಸಾವುಕಾರರು ಕೂಗಾಡಲಿಲ್ಲ. ಬಿಚ್ಚಿಟ್ಟಿದ್ದ ಬೇರಿಂಗುಗಳಲ್ಲಿ ಒಂದನ್ನು ಎತ್ತಿಕೊಂಡರು, ಅದರ ಮೇಲೆ ಉಗುಳಿದರು, ಅಪ್ಪನ ಅಂಗೈಯಲ್ಲಿ ಇಟ್ಟರು. ಓಣಿಯ ಜನವೆಲ್ಲ ಬಾಗಿಲಲ್ಲಿತ್ತು.

"ಈ ಕೈ ಇನ್ನ ಮ್ಯಾಲ ಯಾರ ಕಾರೂ ಮುಟ್ಟಬಾರದು," ಅಂದರು. "ನಾ ನೋಡತೇನಿ."

ಅಪ್ಪ ಅಣ್ಣನ ಕಡೆ ನೋಡಿದ. ದೊಡ್ಡಪ್ಪ ಅತ್ತರಿನ ಹತ್ತಿಯನ್ನು ಒಂದು ಕಿವಿಯಿಂದ ತೆಗೆದು ಇನ್ನೊಂದು ಕಿವಿಗೆ ಇಟ್ಟುಕೊಳ್ಳುತ್ತಿದ್ದ.

ಅವರು ಹೋದ ಮೇಲೆ ಪಡಸಾಲೆಯಲ್ಲಿ ಜಗಳವಾಯಿತು. ನಮ್ಮ ಅವ್ವ ಭಾವನ ಎದುರು ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

"ಎಣ್ಣಿ ಇಲ್ಲ, ಮುಟ್ಟಬ್ಯಾಡ ಅಂತ ಇವ್ರು ಹೇಳಿದ್ದ ನಾ ಕೇಳೇನಿ. ಅತ್ತಿಯಾರೂ ಕೇಳ್ಯಾರ. ಹೇಳ್ರಿ ಅತ್ತಿ."

ಆಯಿ ಅಡಿಗೆಮನೆಯ ಕಡೆ ನೋಡಿದಳು. ಶಾಂತಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸುಳ್ಳುಗಾರನ ಮಗಳು ಎಂದು ನೇಸರಗಿಯವರು ತಿಳಿದರೆ ಲಗ್ನ ಮುರಿಯುತ್ತದೆ ಎನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನನಗ ಕಿವಿ ಸರಿ ಕೇಳೂದಿಲ್ಲ," ಅಂದಳು ಆಯಿ.

ಹಿತ್ತಲಿನಲ್ಲಿ ಬೆಕ್ಕು ಹಾಲಿಗೆ ಬಾಯಿ ಹಾಕಿದ್ದನ್ನು ಪಡಸಾಲೆಯಿಂದಲೇ ಕೇಳಿಸಿಕೊಳ್ಳುತ್ತಿದ್ದ ಮುದುಕಿ. ನಾನು "ಆಯಿ ಸುಳ್ಳ ಹೇಳಾಕ ಹತ್ಯಾಳ" ಅಂದೆ. ಆಯಿ ಎದ್ದು ಬಂದು ನನ್ನ ಬಾಯಿಯ ಮೇಲೆ ಹೊಡೆದಳು. ತುಟಿ ಒಡೆಯಿತು. ಅಪ್ಪ ನನ್ನನ್ನು ಎತ್ತಿಕೊಂಡು ಬಚ್ಚಲಿಗೆ ಒಯ್ದು ಬಾಯಿ ತೊಳೆದ. ಒಂದೂ ಮಾತಾಡಲಿಲ್ಲ. ಆ ಸುಮ್ಮನಿರುವಿಕೆ ನನಗೆ ಆಯಿಯ ಏಟಿಗಿಂತ ಹೆಚ್ಚು ಉರಿಯಿತು. ಉಗುಳಿನ ಬೇರಿಂಗನ್ನು ಅಪ್ಪ ಹಿತ್ತಲಿಗೆ ಎಸೆದಿದ್ದ. ನಾನು ಅದನ್ನು ಹುಡುಕಿ, ತೊಳೆದು, ಪಾಟೀಚೀಲದಲ್ಲಿ ಇಟ್ಟುಕೊಂಡೆ.

ಮಾತು ಕಿತ್ತೂರಿಗೆ ಹೋಯಿತು, ಸವದತ್ತಿಗೆ ಹೋಯಿತು. ವಾಡೆಯ ಕಾರುಗಳು ಬರುವುದು ನಿಂತಿತು. ದೊಡ್ಡಪ್ಪ ಗ್ಯಾರೇಜಿನ ಅರ್ಧ ಭಾಗದಲ್ಲಿ ಲಾರಿ ಟಾಯರಿನ ಅಂಗಡಿ ತೆಗೆದ. ಅಪ್ಪ ಆ ಅಂಗಡಿಯ ಮುಂದೆ ಕೂತು ಪಂಕ್ಚರ್ ತೆಗೆಯಲು ಹಿಡಿದ. ಬಾಲ್ಡಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದ. ಕಾಡಿಗೆ ಸವರಿ ಕೂದಲೆಳೆಯ ಸಂದನ್ನು ಅಳೆಯುತ್ತಿದ್ದ ಅದೇ ಕಣ್ಣು. ಸಾಲಿಯಿಂದ ಬರುವಾಗ ದಿನಾ ಅದನ್ನು ನೋಡಿಕೊಂಡೇ ನಾನು ಒಳಗೆ ಹೋಗಬೇಕಿತ್ತು. ದೊಡ್ಡಪ್ಪ ಟಾಯರುಗಳ ಮೇಲೆ ಕೂತು, "ಬಸ್ಯಾ, ಲಗೂ ಮಾಡಪಾ, ಡ್ರೈವರ್ರು ನಿಂತಾರ" ಅನ್ನುತ್ತಿದ್ದ. ಆ "ಅಪಾ" ಎನ್ನುವ ಪ್ರೀತಿಯ ಮಾತನ್ನು ಕೇಳಿದಾಗಲೆಲ್ಲ ಪಾಟೀಚೀಲದೊಳಗೆ ಕೈ ಹಾಕಿ ಬೇರಿಂಗಿನ ಸುಟ್ಟ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಅದೇ ರೋಗ ಇವನಿಗೂ ತಗಲಬೇಕು ಎಂದು ಯೋಚಿಸಿದ್ದು ಅಲ್ಲಿಯೇ.

ದೊಡ್ಡಪ್ಪನ ಬಳಿ ಒಂದು ಹಳೆಯ ಜೀಪಿತ್ತು. ಪ್ರತಿ ಮಂಗಳವಾರ ಒಬ್ಬನೇ ಸವದತ್ತಿಗೆ ಹೋಗಿ ಬರುತ್ತಿದ್ದ. ಅದರ ಎಣ್ಣೆಯ ಮುಳ್ಳು ಸತ್ತು ಎಷ್ಟೋ ದಿನವಾಗಿತ್ತು, ಅವನು ಮಾಡಿಸಿರಲಿಲ್ಲ. ಮಳೆಗಾಲದ ಹಳ್ಳಕ್ಕೆ ಇಳಿಯುವ ಒಂದು ಕಡಿದಾದ ಇಳಕಲು ಸವದತ್ತಿ ರಸ್ತೆಯಲ್ಲಿ ಊರಿನಿಂದ ಐದು ಮೈಲಿಗಿದೆ. ಓಡಿದ ಎಂಜಿನ್ನಿನ ಸಂದುಗೊಂದುಗಳಲ್ಲಿ ಎಣ್ಣೆ ಸ್ವಲ್ಪ ಉಳಿದೇ ಇರುತ್ತದೆ, ಆದ್ದರಿಂದ ಮೂರು ಮೈಲಿಗೆ ನಿಲ್ಲುವುದಿಲ್ಲ, ಇಳಕಲಿನ ತನಕ ಹೋಗುತ್ತದೆ ಎಂದು ನಾನು ಅಂದಾಜು ಕಟ್ಟಿದೆ. ಸೋಮವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ ಬುಟ್ಟಿಯಷ್ಟಗಲದ ತಗಡು ತಟ್ಟೆ ತೆಗೆದುಕೊಂಡು ಜೀಪಿನ ಕೆಳಗೆ ಸೇರಿದೆ. ಚೇಂಬರಿನ ತಳದ ನಟ್ಟು ನನ್ನ ಕೈಗೆ ಬರಲಿಲ್ಲ. ಪಾನಾ ಹಾಕಿ, ಅದರ ಹಿಡಿಕೆಯ ಮೇಲೆ ಅಂಗಾಲಿಟ್ಟು ಒದ್ದೆ. ಎಣ್ಣೆ ಬಳಬಳ ಇಳಿಯಿತು. ಕೊನೆಯ ಹನಿಯ ತನಕ ಕಾದೆ. ಆಮೇಲೆ ನಟ್ಟು ತಿರುಗಿ ಬಿಗಿದು, ಎಣ್ಣೆಯನ್ನು ಗಾಡಿ ಅಚ್ಚಿಗೆ ಹಾಕಲು ಇಟ್ಟಿದ್ದ ಹಳೆಯ ಎಣ್ಣೆಯ ಡ್ರಮ್ಮಿಗೆ ಸುರಿದು, ಬೂದಿಯಿಂದ ಕೈಕಾಲು ತಿಕ್ಕಿದೆ. ಅಂಗಾಲನ್ನೂ.

ಮಂಗಳವಾರ ಬೆಳಿಗ್ಗೆ ಜೀಪಿನ ಸದ್ದಾದಾಗ ನಾನು ಹೊರಗೆ ಬಂದೆ. ಶಾಂತಕ್ಕ ಮುಂದಿನ ಸೀಟಿನಲ್ಲಿ ಹತ್ತಿ ಕೂತಿದ್ದಳು. ಸವದತ್ತಿಯಲ್ಲಿ ಬಳೆ ಇಡಿಸಿಕೊಳ್ಳಬೇಕಂತೆ, ಅವಳ ತೊಡೆಯ ಮೇಲೆ ಹೊಸ ಕೈಚೀಲ. ಓಡಿಹೋಗಿ ಅವಳ ಕೈ ಹಿಡಿದೆ.

"ಅಕ್ಕಾ, ಇಳಿ. ನನಗ ಹೆರಳ ಹಾಕು. ಸಾಲಿಗೆ ಹೊತ್ತಾತು."

"ನಿಮ್ಮವ್ವನ ಕೈಲೆ ಹಾಕಿಸಿಕೊಳ್ಳ. ನಾ ಹೊಂಟೇನಲ್ಲ."

"ನೀನ ಹಾಕಬೇಕು." ನಾನು ಅಳಲು ಹತ್ತಿದೆ. ಅಳು ನಿಜವಾದದ್ದೇ. ಕೈ ಬಿಡಲಿಲ್ಲ. ದೊಡ್ಡಪ್ಪ ಗಡಿಯಾರ ನೋಡಿಕೊಂಡು, "ಇಳೀವಾ, ಮುಂದಿನ ವಾರ ಒಯ್ಯತೇನಿ" ಅಂದ. ಅವಳು ಗೊಣಗುತ್ತ ಇಳಿದಳು. ಕಟ್ಟೆಯ ಮೇಲೆ ಕೂತು ನನ್ನ ಕೂದಲನ್ನು ಸಿಟ್ಟಿನಿಂದ ಎಳೆದೆಳೆದು ಬಾಚಿದಳು. ಜೀಪು ಓಣಿಯ ತಿರುವು ದಾಟಿತು. ನಾನು ಒಳಗೇ ಎಣಿಸುತ್ತ ಕೂತೆ. ಒಂದು ಮೈಲು. ಎರಡು ಮೈಲು.

ಇಳಕಲಿನಲ್ಲಿ ಎಂಜಿನ್ನು ಹಿಡಿದುಕೊಂಡು ಹಿಂದಿನ ಗಾಲಿಗಳು ಬಿಗಿದವು. ಜೀಪು ಅಡ್ಡ ತಿರುಗಿ ಹಳ್ಳಕ್ಕೆ ಬಿತ್ತು. ದೊಡ್ಡಪ್ಪನ ಎಡಗಾಲು ಅದರ ಕೆಳಗೆ ಸಿಕ್ಕಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದು, ತೊಡೆಯ ತನಕ ಪ್ಲಾಸ್ಟರು ಹಾಕಿಸಿಕೊಂಡು ಬಂದು ಪಡಸಾಲೆಯ ಹೊರಸಿನ ಮೇಲೆ ಮಲಗಿದ. ಅವನ ಹೆಂಡತಿ ದೊಡ್ಡವ್ವ ಗಾಳಿ ಹಾಕುವಾಗ, ಆಯಿ ಯಲ್ಲಮ್ಮನಿಗೆ ಹರಕೆ ಹೊರುವಾಗ ನಾನು ಕಂಬದ ಮರೆಯಲ್ಲಿ ನಿಂತು ಅವನು ನರಳುವುದನ್ನು ಕೇಳುತ್ತಿದ್ದೆ. ನನ್ನ ಮನಸ್ಸು ತಣ್ಣಗಿತ್ತು.

ಕೆಲಸ ಅರ್ಧವಷ್ಟೇ ಆಗಿತ್ತು. ಅಪ್ಪ ಜೀಪಿನ ಎಂಜಿನ್ ಬಿಚ್ಚುವ ದಿನಕ್ಕೆ ನಾನು ಕಾದೆ. ಬೇರಿಂಗುಗಳನ್ನು ತೆಗೆದು ಸಾಲಾಗಿ ಇಟ್ಟ. ಅಪ್ಪ ಬಚ್ಚಲಿಗೆ ಹೋದಾಗ ಅದರಲ್ಲಿ ಒಂದನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಾರಿನ ಬೇರಿಂಗು ಹಿಡಿದುಕೊಂಡು, ಕರಿ ಎಣ್ಣೆಯ ಕಾಲಿನಲ್ಲೇ ಮೆಟ್ಟಿಲು ಹತ್ತಿ ಪಡಸಾಲೆಗೆ ಹೋದೆ. ಎಲ್ಲರೂ ಅಲ್ಲಿದ್ದರು. ಎರಡನ್ನೂ ಆಯಿಯ ಮುಂದೆ ಇಟ್ಟೆ.

"ಇದು ಸಾವುಕಾರ್ರ ಕಾರಿಂದು, ಇದು ದೊಡ್ಡಪ್ಪನ ಜೀಪಿಂದು. ಎರಡೂ ಒಂದ ನಮೂನಿ ಸುಟ್ಟಾವ ನೋಡು. ಧಾತು ಹಲ್ಕಾ ಇದ್ರ ಚಕ್ಕಿ ಚಕ್ಕಿ ಆಗಿ ಉದರತೈತಿ. ಇದು ಉದರಿಲ್ಲ, ಕರಗಿ ಹರದೈತಿ. ಎಣ್ಣಿ ಇಲ್ಲದ ಓಡಿಸಿದ್ರ ಅಷ್ಟ ಹಿಂಗ ಆಗತೈತಿ. ನಮ್ಮಪ್ಪನ ಧಾತು ಚಲೋನ ಇತ್ತು."

ಗ್ಯಾರೇಜಿನ ಸಾಮಾನು ಎಂದೂ ಮುಟ್ಟದ ಆಯಿ ಎರಡನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಸುಟ್ಟ ಅಂಚುಗಳನ್ನು ಬೆರಳಿನಿಂದ ಸವರಿದಳು. ಅವಳಿಗೆ ಅರ್ಥವಾಯಿತು, ನಾನು ಅದನ್ನು ಕಂಡೆ. ಅಷ್ಟರಲ್ಲಿ ಹೊರಸಿನ ಮೇಲಿಂದ ದೊಡ್ಡಪ್ಪನ ದನಿ ಬಂತು, ಮೆತ್ತಗೆ.

"ಹುಡುಗಿ ಖರೇ ಹೇಳಾಕ ಹತ್ಯಾಳ. ಎರಡರಾಗೂ ಎಣ್ಣಿ ಇರಲಿಲ್ಲ. ಆದರ ಜೀಪಿನಾಗ ನಾ ಎಣ್ಣಿ ಹಾಕಿಸಿದ್ದೆ. ಅದನ್ನ ತಗದಾವ್ರ ಯಾರು?"

ಅವನು ನನ್ನನ್ನೇ ನೋಡುತ್ತಿದ್ದ. ಇಷ್ಟು ದೂರ ಅಳೆದವಳು ಈ ಒಂದು ಪ್ರಶ್ನೆಯನ್ನು ಅಳೆದಿರಲಿಲ್ಲ. ಮೆಟ್ಟಿಲಿನ ಕೆಳಗೆ ಅಪ್ಪ ಬಂದು ನಿಂತಿದ್ದ. ಅವನ ಅಂಗೈಯಲ್ಲಿ ಜೀಪಿನ ತಳದ ನಟ್ಟಿತ್ತು.

"ನಾ ತಗದೆ," ಅಂದ ಅಪ್ಪ. "ಬದಲಾಸಾಕಂತ ತಗದೆ. ಹಾಕೂದ ಮರತೆ."

ದೊಡ್ಡಪ್ಪ ದಿಂಬಿಗೆ ಒರಗಿ ಕೇಳಿದ.

"ಹಂಗಾರ ಸಾವುಕಾರ್ರ ಕಾರಿಗೂ ಹಂಗ ಮರತಿದ್ದಿ. ಹೌದಿಲ್ಲ, ಬಸ್ಯಾ?"

ಅಪ್ಪ ನನ್ನ ಕಡೆ ನೋಡಿದ. "ಹೂಂ" ಅಂದ.

ಅಪ್ಪನ ಹೆಸರು ಉಳಿಸಲು ನಾನು ತಂದಿಟ್ಟ ಸಾಕ್ಷಿಯಿಂದಲೇ ಅವನ ಹೆಸರು ಪೂರಾ ಹೋಯಿತು. ಕಳ್ಳ ಅನ್ನುತ್ತಿದ್ದವರು ಈಗ ಮರೆಗುಳಿ ಮಿಸ್ತ್ರಿ ಅಂದರು. ಎಂಜಿನ್ ಬಿಚ್ಚುವವನಿಗೆ ಎರಡನೆಯ ಹೆಸರು ಹೆಚ್ಚು ಕೆಟ್ಟದ್ದು. ಕಳ್ಳನ ಕೈಗಾದರೂ ಜನ ಕಾವಲಿಟ್ಟು ಕೆಲಸ ಕೊಡುತ್ತಾರೆ. ಅವ್ವ ಆ ರಾತ್ರಿ ಒಲೆ ಹಚ್ಚಲಿಲ್ಲ. ಮರುದಿನ ಹಿತ್ತಲಿನಲ್ಲಿ ಅಪ್ಪ ನನ್ನನ್ನು ಕರೆದು ಆ ನಟ್ಟನ್ನು ತೋರಿಸಿದ.

"ತಾಮ್ರದ ವಾಶರ್ ಹೊಸಾದ ಹಾಕಿದ್ದಿ."

"ಹೂಂ."

"ಯಾಕ?"

"ಹಳೇದ ಹಾಕಿದ್ರ ಸೋರತೈತಿ ಅಂತ ನೀನ ಹೇಳಿದ್ದಿ."

"ಒಳಗ ಏನಿತ್ತು, ಸೋರಾಕ?"

ಅಪ್ಪ ಆಚೆ ತಿರುಗಿ ನಿಂತ. ಅವನ ಭುಜಗಳು ಅಲುಗಿದವು. ನಕ್ಕನೋ ಅತ್ತನೋ ನನಗೆ ಕಾಣಿಸಲಿಲ್ಲ. ತಿರುಗಿದಾಗ, "ಎಂಜಿನ್ ಏನ ಪಾಪ ಮಾಡಿತ್ತು, ಗೌರಿ" ಎಂದಷ್ಟೇ ಕೇಳಿದ. ಅಣ್ಣನ ಕಾಲಿನ ಮಾತನ್ನು ಎತ್ತಲಿಲ್ಲ.

ಶಾಂತಕ್ಕನ ಲಗ್ನ ಆದ ವಾರವೇ ನಾವು ಮನೆ ಬಿಟ್ಟು ಸಂಗೊಳ್ಳಿಗೆ ಬಂದೆವು. ಅಪ್ಪ ಹೊಲದ ಬಾವಿಗಳ ಡೀಸೆಲ್ ಎಂಜಿನ್ ರಿಪೇರಿ ಹಿಡಿದ. ರೈತರು ಹೆಸರು ಕೇಳಲಿಲ್ಲ, ನೀರು ಬಂದರೆ ಅವರಿಗೆ ಸಾಕಿತ್ತು. ನಾನು ಅವನ ಪಕ್ಕದಲ್ಲೇ ಕೂತು ಕಲಿತೆ. ಮುಂದೆ ಸಾಲಿ ಮಾಸ್ತರರೊಬ್ಬರನ್ನು ಮದುವೆಯಾದರೂ ಪಾನಾ ಬಿಡಲಿಲ್ಲ. ಈಗ ಕೊಲ್ಲಾಪುರ, ಹುಬ್ಬಳ್ಳಿಯಿಂದ ಹಳೆಯ ಕಾರು ಸಾಕುವವರು ಎಂಜಿನ್ನುಗಳನ್ನು ನನ್ನ ಬಳಿ ಕಳಿಸುತ್ತಾರೆ. ಮುಳ್ಳು ಎದ್ದದ್ದನ್ನು ನಾನೇ ಕಣ್ಣಾರೆ ನೋಡದೆ ಒಂದು ಎಂಜಿನ್ನೂ ನನ್ನ ಬಾಗಿಲು ದಾಟುವುದಿಲ್ಲ. ಜನ ಇದಕ್ಕೆ ಶಿಸ್ತು ಅನ್ನುತ್ತಾರೆ. ನನಗೆ ಇದು ದೊಡ್ಡಪ್ಪನ ಮೇಲಿನ ಸಿಟ್ಟು.

ಹೋದ ವರ್ಷ ಶಾಂತಕ್ಕ ಫೋನು ಮಾಡಿದಳು. ನಮ್ಮಪ್ಪ ಹಾಸಿಗೆ ಹಿಡಿದಿದ್ದಾನೆ, ನಿನ್ನ ಹೆಸರು ತೆಗೆಯುತ್ತಾನೆ, ಒಮ್ಮೆ ಬಂದು ಹೋಗು ಅಂದಳು. ಹೋದೆ. ಗ್ಯಾರೇಜಿನ ಜಾಗದಲ್ಲಿ ಮೊಮ್ಮಗನ ಟಾಯರಿನ ದೊಡ್ಡ ಅಂಗಡಿ, ನೆಲಕ್ಕೆಲ್ಲ ಫರಸಿ ಕಲ್ಲು. ದೊಡ್ಡಪ್ಪ ಒಳಕೋಣೆಯಲ್ಲಿ ಮಲಗಿದ್ದ. ಎಲುಬಿನ ಗೂಡು, ಕಣ್ಣು ಮಾತ್ರ ಮೊದಲಿನಂತೆಯೇ. ಮೊಮ್ಮಗನ ಹೆಂಡತಿಯನ್ನು ಚಹಾ ಮಾಡಲು ಹೊರಗೆ ಕಳಿಸಿದ.

"ನೀನ ಅಂತ ನನಗ ಹಳ್ಳದಾಗ ಬಿದ್ದಾಗನ ಗೊತ್ತಾತು," ಅಂದ. "ಶಾಂತಾನ್ನ ಅತ್ತು ಕರದು ಇಳಿಸಿದಿ. ನನ್ನ ಮಗಳನ್ನ ಉಳಿಸಿದಿ ಅಂತ ಬಾಯಿ ಮುಚಗೊಂಡ ಇದ್ದೆ."

"ಬಾಯಿ ಮುಚಗೊಂಡ ನಮ್ಮಪ್ಪನ ಮ್ಯಾಲ ಹೊರಿಸಿದ್ರಿ."

"ಅಂವ ತಾನ ಹೊತಗೊಂಡ."

"ಎಣ್ಣಿ ಇಲ್ಲಂತ ಗೊತ್ತಿದ್ದೂ ಕಾರ ಒಯ್ದಾವ್ರ ಯಾರು? ಈಗರ ಒಮ್ಮೆ ಹೇಳ್ರಿ. ಶಾಂತಕ್ಕನ್ನ ಕರೀತೇನಿ, ಆಕಿ ಮುಂದ ಹೇಳ್ರಿ."

"ಈಗ ಹೇಳಿ ಏನ ಮಾಡೂದೈತಿ." ಕಣ್ಣು ಮುಚ್ಚಿದ. ನಿದ್ದೆ ಹತ್ತಿತು ಅಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಕೇಳಿದ, "ಒಂದ ಮಾತು ಹೇಳು, ಗೌರಿ. ಕಾಲ ಮುರೀಲಿ ಅಂತ ಮಾಡಿದ್ದೇನು, ಸಾಯಲಿ ಅಂತೇನು?"

ಸಣ್ಣವಳಿದ್ದೆ, ತಿಳಿಯಲಿಲ್ಲ ಎಂದು ಹೇಳಬಹುದಿತ್ತು. ಸಾಯುವವನ ಮುಂದೆ ಯಾರಾದರೂ ಅಷ್ಟನ್ನು ಹೇಳಿಯಾರು. ನಾನು ಅವನ ಹಾಸಿಗೆಯ ಕಡೆ ಬಾಗಿ, ಕೇಳುವ ಹಾಗೆ ಹೇಳಿದೆ.

"ಯಾವದಾದ್ರೂ ನಡೀತಿತ್ರಿ ನನಗ."

ಅವನು ನಕ್ಕ. ನಗುವಿನಲ್ಲೇ ಕೆಮ್ಮು ಬಂತು, ನೀರು ಕುಡಿಸಬೇಕಾಯಿತು. ಕುಡಿದು ನನ್ನ ಮಣಿಕಟ್ಟು ಹಿಡಿದ.

"ನೀ ಬಸ್ಯಾನ ಮಗಳಲ್ಲ. ನನ್ನ ಮಗಳು."

ನಾನು ಕೈ ಬಿಡಿಸಿಕೊಂಡೆ. ಚಹಾ ಬರುವ ಮೊದಲೇ ಎದ್ದು ಬಸ್ ನಿಲ್ದಾಣಕ್ಕೆ ಬಂದೆ. ಸಂಗೊಳ್ಳಿ ಮುಟ್ಟುವ ತನಕ ಕಿಡಕಿಯ ಹೊರಗೆ ನೋಡುತ್ತ ಕೂತಿದ್ದರೂ ಏನು ಕಂಡೆ ಎಂದು ಹೇಳಲಾರೆ. ಅಪ್ಪ ನಮ್ಮ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಎಂಬತ್ತು ದಾಟಿದ್ದಾನೆ. ಬೆರಳು ಸೊಟ್ಟಗಾಗಿವೆ, ಆದರೂ ಎಂಜಿನ್ ಚಾಲೂ ಆದರೆ ತಲೆ ಅತ್ತ ತಿರುಗುತ್ತದೆ. ಎಲ್ಲಿಗೆ ಹೋಗಿದ್ದೆ ಎಂದು ಅವನಿಗೆ ಗೊತ್ತಿತ್ತು.

"ಏನಂದ?" ಎಂದು ಕೇಳಿದ.

ಐವತ್ತು ವರ್ಷಕ್ಕೆ ಹತ್ತಿರ ಅವನು ಆ ಒಂದು ಮಾತಿಗಾಗಿ ಕಾದಿದ್ದಾನೆ ಎಂದು ಅಂದು ನನಗೆ ಅವನ ಮುಖ ನೋಡಿದಾಗ ತಿಳಿಯಿತು. ನಾನು ಚಪ್ಪಲಿ ಬಿಡುವ ನೆವದಲ್ಲಿ ತಲೆ ತಗ್ಗಿಸಿ ಹೇಳಿದೆ.

"ಎಣ್ಣಿ ಇಲ್ಲಂತ ಗೊತ್ತಿದ್ದೂ ಕಾರ ಒಯ್ದಾಂವ ನಾನ, ಬಸ್ಯಾಂದ ಏನೂ ತಪ್ಪಿರಲಿಲ್ಲ ಅಂದ. ಶಾಂತಕ್ಕನ ಮುಂದನ ಅಂದ."

ಅಪ್ಪ ಗ್ವಾಡೆ ಹಿಡಿದು ಮೆಲ್ಲಗೆ ಎದ್ದ.

"ನಮ್ಮಣ್ಣ ಹಂಗ ಅನ್ನಾಂವಲ್ಲ ಬಿಡು," ಅಂದ. "ನಡಿ, ಊಟ ಮಾಡೂಣು."